ಅಧಿವೇಶನದ ದಿನದಲ್ಲಿ ಶಾಸನಕ್ಕೆ ಉಳಿಯುವ ಹೊತ್ತು

2025ರ ಮಾರ್ಚ್ 21 ಬಜೆಟ್ ಅಧಿವೇಶನದ ಕೊನೆಯ ದಿನ. ಕರ್ನಾಟಕ ವಿಧಾನಸಭೆಯಲ್ಲಿ ವಿರೋಧ ಪಕ್ಷದ ಸದಸ್ಯರು ಸಭಾಧ್ಯಕ್ಷರ ಪೀಠದ ಬಳಿಗೇ ಹೋಗಿ ಕಾಗದ ಹರಿದು ತೂರಿದರು. ಬಿಜೆಪಿಯ 18 ಮಂದಿಯನ್ನು ಆರು ತಿಂಗಳು ಅಮಾನತು ಮಾಡಲಾಯಿತು, ಮಾರ್ಷಲ್‌ಗಳು ಅವರನ್ನು ಹೊತ್ತು ಹೊರಗೆ ಬಿಟ್ಟರು. ಮೇ ತಿಂಗಳಲ್ಲಿ ಆ ಅಮಾನತು ರದ್ದಾಯಿತು. ಸುದ್ದಿವಾಹಿನಿಗಳಲ್ಲಿ ದಿನವಿಡೀ ಓಡಿದ್ದು ಈ ದೃಶ್ಯ. ಆದರೆ ಅದೇ ಗದ್ದಲದೊಳಗೆ ಸರ್ಕಾರಿ ಗುತ್ತಿಗೆಗಳಲ್ಲಿ ಮೀಸಲಾತಿ ವಿಸ್ತರಿಸುವ ತಿದ್ದುಪಡಿ ವಿಧೇಯಕ ಅಂಗೀಕಾರವಾಯಿತು. ಮುಖ್ಯಮಂತ್ರಿಯ ವೇತನವನ್ನು 75,000ದಿಂದ 1,50,000 ರೂಪಾಯಿಗೆ, ಶಾಸಕರ ವೇತನವನ್ನು 40,000ದಿಂದ 80,000 ರೂಪಾಯಿಗೆ ಏರಿಸುವ ವಿಧೇಯಕಗಳೂ ಚರ್ಚೆಯಿಲ್ಲದೆ ದಾಟಿಹೋದವು.

ಗದ್ದಲವಾದ್ದರಿಂದ ಚರ್ಚೆಯಾಗಲಿಲ್ಲ ಎನ್ನುವುದು ಅರ್ಧ ಸತ್ಯ. ಗದ್ದಲವೇ ಇಲ್ಲದ ದಿನಗಳಲ್ಲೂ ಬಹುಪಾಲು ವಿಧೇಯಕಗಳು ನಿಮಿಷಗಳ ಲೆಕ್ಕದಲ್ಲಿ ಮುಗಿಯುತ್ತವೆ. ಕಾರಣ ತಿಳಿಯಬೇಕಾದರೆ ಅಧಿವೇಶನದ ಒಂದು ದಿನವನ್ನು ಬೆಳಗ್ಗೆಯಿಂದ ರಾತ್ರಿಯವರೆಗೆ ಬಿಡಿಸಿ ನೋಡಬೇಕು. ಶಾಸಕರ ಆ ದಿನದಲ್ಲಿ ಶಾಸನಕ್ಕೆಂದು ಸಿಗುವ ಹೊತ್ತು ಬಹಳ ಕಡಿಮೆ. ಸಿಕ್ಕ ಹೊತ್ತನ್ನೂ ಬಳಸಿಕೊಳ್ಳಲು ಬೇಕಾದ ಕಾಗದ ಕೈಗೆ ಬರುವುದು ತಡವಾಗಿ.

ಬೆಳಗಿನ ಜಗ್ಗಾಟ

ದಿನ ಆರಂಭವಾಗುವುದು ಸದನದಲ್ಲಲ್ಲ, ಬೆಂಗಳೂರಿನ ಶಾಸಕರ ಭವನದ ಕೋಣೆಯಲ್ಲಿ. ಕ್ಷೇತ್ರದಿಂದ ರಾತ್ರಿ ಬಸ್ಸಿಗೆ ಹೊರಟವರು ಬೆಳಗ್ಗೆ ಏಳಕ್ಕೆಲ್ಲ ಬಾಗಿಲ ಮುಂದೆ ನಿಂತಿರುತ್ತಾರೆ. ಒಬ್ಬರಿಗೆ ವರ್ಗಾವಣೆಯ ಶಿಫಾರಸು ಪತ್ರ ಬೇಕು, ಇನ್ನೊಬ್ಬರಿಗೆ ಆಸ್ಪತ್ರೆಯ ಖರ್ಚಿಗೆ ಮುಖ್ಯಮಂತ್ರಿಗಳ ಪರಿಹಾರ ನಿಧಿಯ ಅರ್ಜಿಗೆ ಸಹಿ, ಮತ್ತೊಬ್ಬರಿಗೆ ಬಗರ್ ಹುಕುಂ ಜಮೀನಿನ, ಅಂದರೆ ಮಂಜೂರಾತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಜಮೀನಿನ, ಸಾಗುವಳಿ ಚೀಟಿ. ತಾಲ್ಲೂಕಿನ ಬಗರ್ ಹುಕುಂ ಸಮಿತಿಯ ಅಧ್ಯಕ್ಷಗಿರಿ ಸಾಮಾನ್ಯವಾಗಿ ಶಾಸಕರದ್ದೇ. ತಾಲ್ಲೂಕಿನ ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಕೆಡಿಪಿ ಸಭೆ ನಡೆಸುವವರೂ ಅವರೇ. ವರ್ಷಕ್ಕೆ 2 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿಯ ಕಾಮಗಾರಿಗಳಿಗೂ ಅವರೇ ಹೆಸರು ಕೊಡಬೇಕು. ಹಾಗಾಗಿ ಜನ ಅವರನ್ನು ಹುಡುಕಿಕೊಂಡು ಬರುವುದು ತಪ್ಪಲ್ಲ. ಆದರೆ ಹಿಂದಿನ ದಿನ ಹಂಚಿದ ವಿಧೇಯಕದ ಪ್ರತಿ ಓದದೆ ಉಳಿಯುವುದೂ ಇದೇ ಹೊತ್ತಿನಲ್ಲಿ. ಶಾಸಕರಿಗೆ ಆಪ್ತ ಸಹಾಯಕರು ಇರುತ್ತಾರೆ. ಕಾನೂನು ಓದಿ ಟಿಪ್ಪಣಿ ಮಾಡಿಕೊಡುವವರು ಇರುವುದಿಲ್ಲ. ಆ ಕೆಲಸಕ್ಕೆ ವಿಧಾನಮಂಡಲದ ಗ್ರಂಥಾಲಯವಿದೆ, ಅಲ್ಲಿಗೆ ಹೋಗಿ ಕೂರುವವರು ಬೆರಳೆಣಿಕೆ.

ಕಲಾಪಕ್ಕೆ ಮುನ್ನ ಕೆಲವೊಮ್ಮೆ ಶಾಸಕಾಂಗ ಪಕ್ಷದ ಸಭೆ ಇರುತ್ತದೆ. ಇಂದು ಯಾವ ವಿಷಯ ಹಿಡಿಯಬೇಕು, ಯಾರು ಮೊದಲು ಎದ್ದು ನಿಲ್ಲಬೇಕು ಎಂಬುದು ಅಲ್ಲಿ ತೀರ್ಮಾನ. ಆಮೇಲೆ ಸದನ. ಕೋರಂಗೆ ಒಟ್ಟು ಸದಸ್ಯಬಲದ ಹತ್ತನೇ ಒಂದು ಭಾಗ ಬೇಕು, ಅಂದರೆ 224 ಜನರ ಸದನದಲ್ಲಿ 23 ಮಂದಿ. ಅಷ್ಟು ಜನ ಸೇರುವವರೆಗೆ ಗಂಟೆ ಬಾರಿಸುತ್ತಲೇ ಇರುವ ಬೆಳಗುಗಳೂ ಇವೆ.

ಪ್ರಶ್ನೆ ಬರೆಯುವುದೂ ಒಂದು ಕಸುಬು

ಸಾಮಾನ್ಯ ಶಾಸಕನಿಗೆ ಇಡೀ ದಿನದಲ್ಲಿ ಅತಿ ಹೆಚ್ಚು ಬಲವಿರುವುದು ಮೊದಲ ಒಂದು ಗಂಟೆಯಲ್ಲಿ. ಪ್ರಶ್ನೋತ್ತರ ಅವಧಿಯಲ್ಲಿ ಮಂತ್ರಿ ಉತ್ತರ ಕೊಡಲೇಬೇಕು, ಪಕ್ಷದ ಅನುಮತಿ ಬೇಡ, ವಿಪ್ (ಪಕ್ಷದ ಕಡ್ಡಾಯ ಸೂಚನೆ) ಇಲ್ಲ. ದಿನಕ್ಕೆ ಸಾಮಾನ್ಯವಾಗಿ 15 ಚುಕ್ಕೆ ಗುರುತಿನ ಪ್ರಶ್ನೆಗಳು ಪಟ್ಟಿಯಲ್ಲಿರುತ್ತವೆ. ಅರವತ್ತು ನಿಮಿಷಕ್ಕೆ ಹದಿನೈದು ಎಂದರೆ ಒಂದಕ್ಕೆ ನಾಲ್ಕು ನಿಮಿಷ. ಮೊದಲ ಎರಡು ಪ್ರಶ್ನೆಗಳೇ ಅರ್ಧ ಗಂಟೆ ನುಂಗಿದರೆ ಪಟ್ಟಿಯ ಕೆಳಗಿನವರಿಗೆ ಮೌಖಿಕ ಉತ್ತರ ಸಿಗುವುದಿಲ್ಲ, ಮುದ್ರಿತ ಉತ್ತರ ಮಾತ್ರ. ಯಾರ ಪ್ರಶ್ನೆ ಪಟ್ಟಿಗೆ ಬರಬೇಕು ಎಂಬುದು ಚೀಟಿ ಎತ್ತುವ ಮೂಲಕ ನಿರ್ಧಾರವಾಗುತ್ತದೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಲಿಖಿತ ಉತ್ತರವಷ್ಟೇ, ಎದ್ದು ನಿಂತು ಮರುಪ್ರಶ್ನೆ ಕೇಳುವ ಅವಕಾಶವಿಲ್ಲ.

ಪ್ರಶ್ನೆ ಸೋಲುವುದು ಬಹುತೇಕ ಬರವಣಿಗೆಯಲ್ಲಿ. ‘ತಾಲ್ಲೂಕಿನಲ್ಲಿ ಕುಡಿಯುವ ನೀರಿನ ಸಮಸ್ಯೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಕೇಳಿದರೆ ಉತ್ತರ ‘ಬಂದಿದೆ’. ‘ಬಂದಿದ್ದಲ್ಲಿ ಕೈಗೊಂಡ ಕ್ರಮವೇನು?’ ಎಂದರೆ ‘ಅನುದಾನದ ಲಭ್ಯತೆಗನುಗುಣವಾಗಿ ಹಂತಹಂತವಾಗಿ ಕ್ರಮ ವಹಿಸಲಾಗುವುದು’. ‘ಬಂದಿಲ್ಲ’ ಎಂದುಬಿಟ್ಟರೆ ಮುಂದಿನ ಉಪಪ್ರಶ್ನೆಗಳಿಗೆಲ್ಲ ‘ಉದ್ಭವಿಸುವುದಿಲ್ಲ’ ಎಂಬ ಒಂದೇ ಪದ. ಇಲಾಖೆಯ ಗುಮಾಸ್ತರಿಗೆ ಈ ವಾಕ್ಯಗಳು ಬಾಯಿಪಾಠ. ಎರಡು ನಿಮಿಷದಲ್ಲಿ ಉತ್ತರ ಸಿದ್ಧವಾಗುತ್ತದೆ, ಯಾರೂ ಒಂದು ಕಡತವನ್ನೂ ತೆರೆಯುವುದಿಲ್ಲ.

ಅದೇ ವಿಷಯವನ್ನು ಬೇರೆ ರೀತಿ ಕೇಳಬಹುದು. ಇಂಥ ತಾಲ್ಲೂಕಿನಲ್ಲಿ ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಮಂಜೂರಾದ ಶುದ್ಧ ಕುಡಿಯುವ ನೀರಿನ ಘಟಕಗಳೆಷ್ಟು, ಅವುಗಳಲ್ಲಿ ಇಂದು ನೀರು ಕೊಡುತ್ತಿರುವುದೆಷ್ಟು, ಕೆಟ್ಟಿರುವುದೆಷ್ಟು, ನಿರ್ವಹಣೆಯ ಗುತ್ತಿಗೆ ಯಾರಿಗೆ, ಅವರಿಗೆ ಪಾವತಿಸಿದ ಮೊತ್ತವೆಷ್ಟು, ಗ್ರಾಮವಾರು ವಿವರ ನೀಡುವುದು. ಇದಕ್ಕೆ ‘ಬಂದಿದೆ’ ಎಂದು ಉತ್ತರಿಸಲಾಗದು. ಇಲಾಖೆಯಿಂದ ಜಿಲ್ಲಾ ಪಂಚಾಯಿತಿಗೆ, ಅಲ್ಲಿಂದ ತಾಲ್ಲೂಕಿನ ಎಂಜಿನಿಯರ್‌ಗೆ ತುರ್ತು ಪತ್ರ ಹೋಗುತ್ತದೆ. ಉತ್ತರ ಸದನಕ್ಕೆ ಬರುವ ಮೊದಲೇ ನಾಲ್ಕು ಘಟಕ ದುರಸ್ತಿಯಾಗುವುದುಂಟು. ಶಾಸಕರ ಪ್ರಶ್ನೆ ಕೆಲಸ ಮಾಡುವ ರೀತಿಯೇ ಇದು. ಉತ್ತರಕ್ಕಿಂತ ಹೆಚ್ಚು ಫಲ ಕೊಡುವುದು ಉತ್ತರ ತಯಾರಿಸುವ ಓಡಾಟ.

ಮೌಖಿಕ ಉತ್ತರ ಸಿಕ್ಕಾಗ ಕೇಳುವ ಉಪಪ್ರಶ್ನೆ ಇನ್ನೂ ನಾಜೂಕು. ಅನುಭವಿ ಸದಸ್ಯರು ಮುದ್ರಿತ ಉತ್ತರದ ಅನುಬಂಧವನ್ನು ಮೊದಲೇ ಓದಿಕೊಂಡು ಅದರೊಳಗಿನ ಎರಡು ಅಂಕಿಗಳು ತಾಳೆಯಾಗದ ಜಾಗವನ್ನು ಹುಡುಕಿಟ್ಟುಕೊಂಡಿರುತ್ತಾರೆ. ಹೊಸಬರು ಎದ್ದು ಎರಡು ನಿಮಿಷ ಪೀಠಿಕೆ ಹಾಕುತ್ತಾರೆ, ‘ಪ್ರಶ್ನೆಗೆ ಬನ್ನಿ’ ಎಂದು ಪೀಠದಿಂದ ಸೂಚನೆ ಬರುವಷ್ಟರಲ್ಲಿ ಮಂತ್ರಿಗೆ ಯೋಚಿಸಲು ಬೇಕಾದಷ್ಟು ಸಮಯ ಸಿಕ್ಕಿರುತ್ತದೆ. ಮಂತ್ರಿ ‘ಇನ್ನು ಮೂರು ತಿಂಗಳಲ್ಲಿ ಮುಗಿಸುತ್ತೇವೆ’ ಎಂದರೆ ಅದು ಸರ್ಕಾರಿ ಭರವಸೆಗಳ ಸಮಿತಿಯ ಲೆಕ್ಕಕ್ಕೆ ಹೋಗುತ್ತದೆ, ಇಲಾಖೆ ಅದಕ್ಕೆ ಜವಾಬು ಹೇಳಬೇಕು. ‘ನೋಡೋಣ’ ಎಂದರೆ ಹೋಗುವುದಿಲ್ಲ. ಆದ್ದರಿಂದ ದಿನಾಂಕ ಹೇಳುವವರೆಗೆ ಕೂರದೆ ನಿಲ್ಲುವುದೂ ಕೆಲಸದ ಭಾಗವೇ.

ಪ್ರಶ್ನೆಗಳ ನಂತರ ಶೂನ್ಯವೇಳೆ, ಮಂಡಿಸಬೇಕಾದ ಕಾಗದಪತ್ರಗಳು, ಗಮನ ಸೆಳೆಯುವ ಸೂಚನೆಗಳು. ವಿಧಾನಸಭೆಯ ನಿಯಮ 60ರಡಿ ನಿಲುವಳಿ ಸೂಚನೆ (ಉಳಿದ ಕಲಾಪ ಬದಿಗಿಟ್ಟು ತುರ್ತು ವಿಷಯ ಚರ್ಚಿಸಿ ಎಂಬ ಕೋರಿಕೆ), 69ರಡಿ ಸಾರ್ವಜನಿಕ ಮಹತ್ವದ ಚರ್ಚೆ, 73ರಡಿ ಗಮನ ಸೆಳೆಯುವ ಸೂಚನೆ. ಈ ಸಂಖ್ಯೆಗಳನ್ನು ಪತ್ರಿಕೆ ಓದುವವರೂ ಬಲ್ಲರು. ನಿಲುವಳಿ ಸೂಚನೆ ಕೊಟ್ಟು, ಅದನ್ನು 69ಕ್ಕೆ ಬದಲಾಯಿಸಿ ಚರ್ಚೆಗೆ ಕೊಡುವುದು ಪೀಠದ ರೂಢಿ. ಹಾಗೆ ಬದಲಾಯಿಸಬೇಕೋ ಬೇಡವೋ ಎಂಬ ವಾಗ್ವಾದಕ್ಕೇ ಒಂದು ಗಂಟೆ ಹೋಗುವುದು ಅಪರೂಪವಲ್ಲ. ಆ ಗಂಟೆ ಕಡಿತವಾಗುವುದು ಸಂಜೆಯ ವಿಧೇಯಕದ ಪಾಲಿನಿಂದ.

ಮೊಗಸಾಲೆಯಲ್ಲಿ ಯಾಕೆ ಅಷ್ಟು ಜನ

ಮಧ್ಯಾಹ್ನದ ಹೊತ್ತಿಗೆ ಸದನದ ಖಾಲಿ ಕುರ್ಚಿಗಳ ಚಿತ್ರ ಪ್ರತಿ ಅಧಿವೇಶನದಲ್ಲೂ ಪ್ರಕಟವಾಗುತ್ತದೆ. ಶಾಸಕರು ಸೋಮಾರಿಗಳು ಎಂಬ ತೀರ್ಪೂ ಜೊತೆಗೇ ಬರುತ್ತದೆ. ನಿಜಸ್ಥಿತಿ ಬೇರೆ. ಸಂವಿಧಾನದ 164ನೇ ವಿಧಿಯ ಮಿತಿಯಂತೆ ಕರ್ನಾಟಕದಲ್ಲಿ ಮುಖ್ಯಮಂತ್ರಿ ಸೇರಿ 34 ಮಂತ್ರಿಗಳು ಇರಬಹುದು. ವರ್ಷದ ಉಳಿದ ದಿನ ಇವರು ಜಿಲ್ಲೆಗಳಲ್ಲಿ, ದೆಹಲಿಯಲ್ಲಿ, ಸಭೆಗಳಲ್ಲಿ ಚದುರಿರುತ್ತಾರೆ. ಒಂದೇ ಕಟ್ಟಡದಲ್ಲಿ, ಒಂದೇ ಮಹಡಿಯಲ್ಲಿ ಎಲ್ಲರೂ ಸಿಗುವುದು ಅಧಿವೇಶನದಲ್ಲಿ ಮಾತ್ರ. ಇಲಾಖಾ ಕಾರ್ಯದರ್ಶಿಗಳೂ ಅಧಿಕಾರಿಗಳ ಗ್ಯಾಲರಿಯಲ್ಲಿರುತ್ತಾರೆ. ಕ್ಷೇತ್ರದ ಒಂದು ಸೇತುವೆಗೆ ಮೂರು ಇಲಾಖೆಗಳ ಒಪ್ಪಿಗೆ ಬೇಕಾದರೆ, ಮೊಗಸಾಲೆಯಲ್ಲಿ ಅರ್ಧ ಗಂಟೆ ನಿಂತರೆ ಮೂರೂ ಪತ್ರಕ್ಕೆ ಷರಾ ಬೀಳುತ್ತದೆ. ಒಳಗೆ ಕೂತು ಯಾವುದೋ ತಿದ್ದುಪಡಿ ವಿಧೇಯಕ ಕೇಳಿದರೆ ಸಿಗುವುದೇನು? ಮತದಾರ ಐದು ವರ್ಷದ ನಂತರ ಸೇತುವೆಯನ್ನು ಕೇಳುತ್ತಾನೆ, ವಿಧೇಯಕದ ಖಂಡ 7ರ (ಏಳನೇ ಕಲಮಿನ) ಬಗ್ಗೆ ನೀವು ಏನು ಮಾತಾಡಿದಿರಿ ಎಂದು ಕೇಳುವುದಿಲ್ಲ. ಶಾಸಕರು ಈ ಲೆಕ್ಕವನ್ನು ಸರಿಯಾಗಿಯೇ ಹಾಕುತ್ತಾರೆ. ಹಾಗೆ ಹಾಕುವಂತೆ ಮಾಡಿದ ವ್ಯವಸ್ಥೆಯನ್ನು ಬಿಟ್ಟು ಬರೀ ಕುರ್ಚಿಯ ಫೋಟೊ ತೆಗೆದರೆ ಏನೂ ಬದಲಾಗದು.

ವಿಧೇಯಕ ಓದುವುದು ಹೇಗೆ, ಓದಲಾಗದಿರುವುದು ಏಕೆ

ಹೆಚ್ಚಿನವು ತಿದ್ದುಪಡಿ ವಿಧೇಯಕಗಳು. ಅವನ್ನು ಮಾತ್ರ ಓದಿದರೆ ತಲೆಬುಡ ತಿಳಿಯುವುದಿಲ್ಲ. ‘ಮೂಲ ಅಧಿನಿಯಮದ ಇಂಥ ಪ್ರಕರಣದ (2)ನೇ ಉಪಪ್ರಕರಣದಲ್ಲಿ, ಆರು ತಿಂಗಳುಗಳು ಎಂಬ ಪದಗಳಿಗೆ ಹನ್ನೆರಡು ತಿಂಗಳುಗಳು ಎಂಬ ಪದಗಳನ್ನು ಪ್ರತಿಯೋಜಿಸತಕ್ಕದ್ದು’ ಎಂದಷ್ಟೇ ಇರುತ್ತದೆ. ಯಾವುದಕ್ಕೆ ಆರು ತಿಂಗಳು, ಯಾರಿಗೆ ಹನ್ನೆರಡು? ಮೂಲ ಕಾಯ್ದೆಯನ್ನು ಪಕ್ಕದಲ್ಲಿಟ್ಟುಕೊಂಡು ಪೆನ್ಸಿಲಿನಲ್ಲಿ ತಿದ್ದುತ್ತ ಹೋಗಬೇಕು. ಮೂಲ ಕಾಯ್ದೆಗೆ ಹಿಂದೆಯೇ ಹತ್ತು ತಿದ್ದುಪಡಿಗಳಾಗಿದ್ದರೆ ಅವೆಲ್ಲ ಸೇರಿದ ಪ್ರತಿ ಬೇಕು. ನಾಲ್ಕು ಪುಟದ ವಿಧೇಯಕಕ್ಕೆ ಸರಿಯಾಗಿ ಓದಿದರೆ ಎರಡು ಗಂಟೆ ಬೇಕಾಗುತ್ತದೆ.

ಬಲ್ಲವರು ಮೊದಲ ಪುಟದಿಂದ ಓದುವುದಿಲ್ಲ. ಮೊದಲು ನೋಡುವುದು ಕೊನೆಯಲ್ಲಿರುವ ಉದ್ದೇಶ ಮತ್ತು ಕಾರಣಗಳ ಹೇಳಿಕೆ. ಸರ್ಕಾರ ಏನು ಮಾಡಲು ಹೊರಟಿದೆ ಎಂದು ತಾನೇ ಹೇಳಿಕೊಂಡಿರುವ ಜಾಗ ಅದು. ಆಮೇಲೆ ಆರ್ಥಿಕ ಜ್ಞಾಪನ ಪತ್ರ. ಅಲ್ಲಿ ‘ಹೆಚ್ಚುವರಿ ವೆಚ್ಚವಿಲ್ಲ’ ಎಂದಿದ್ದು, ಒಳಗೆ ಹೊಸ ಪ್ರಾಧಿಕಾರ, ಅಧ್ಯಕ್ಷ, ಸಿಬ್ಬಂದಿ ಎಲ್ಲ ಇದ್ದರೆ ಕೇಳಬೇಕಾದ ಮೊದಲ ಪ್ರಶ್ನೆ ಸಿಕ್ಕಿತು. ಮೂರನೆಯದು ಜಾರಿಯ ದಿನಾಂಕ. ‘ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸಬಹುದಾದ ದಿನಾಂಕದಂದು’ ಎಂದಿದ್ದರೆ, ಸದನ ಒಪ್ಪಿದ ಕಾಯ್ದೆಯೂ ವರ್ಷಗಟ್ಟಲೆ ಮಲಗಿರಬಹುದು. ನಂತರ ಪರಿಭಾಷೆಗಳು, ಅಧಿಕಾರ ಯಾರಿಗೆ, ದಂಡನೆ ಎಷ್ಟು, ಮೇಲ್ಮನವಿ ಎಲ್ಲಿಗೆ. ಕೊನೆಗೆ ನಿಯಮ ರಚಿಸುವ ಅಧಿಕಾರ.

ಈ ಕೊನೆಯದರಲ್ಲೇ ಹೆಚ್ಚು ಮೋಸ ಹೋಗುವುದು. ‘ನಿಯಮಿಸಬಹುದಾದಂಥ’ ಎಂಬ ಮಾತು ವಿಧೇಯಕದಲ್ಲಿ ಎಷ್ಟು ಸಲ ಬಂದಿದೆ ಎಂದು ಎಣಿಸಿದರೆ ಸಾಕು. ಶುಲ್ಕ ನಿಯಮಿಸಬಹುದಾದಷ್ಟು, ಅರ್ಹತೆ ನಿಯಮಿಸಬಹುದಾದಂಥದು, ಅರ್ಜಿಯ ನಮೂನೆ, ಕಾಲಮಿತಿ ಎಲ್ಲವೂ ನಿಯಮಿಸಬಹುದಾದಂತೆ ಎಂದಾದರೆ, ಜನರ ಮೇಲೆ ನಿಜವಾಗಿ ಬೀಳುವ ಭಾರವನ್ನು ಸದನ ನೋಡಲೇ ಇಲ್ಲ ಎಂದರ್ಥ. ಅದನ್ನು ಇಲಾಖೆ ಮುಂದೆ ರಾಜ್ಯಪತ್ರದಲ್ಲಿ ಪ್ರಕಟಿಸುತ್ತದೆ. ಆ ನಿಯಮಗಳು ಸದನದ ಮುಂದೆ ಮಂಡನೆಯಾಗುತ್ತವೆ, ಅಧೀನ ಶಾಸನ ರಚನಾ ಸಮಿತಿ ಅವನ್ನು ಪರಿಶೀಲಿಸಬಹುದು. ಆದರೆ ಮಂಡಿಸಿದ ಕಾಗದಪತ್ರಗಳ ರಾಶಿಯಿಂದ ಒಂದನ್ನು ಎತ್ತಿ ಚರ್ಚೆಗೆ ತಂದ ಉದಾಹರಣೆಗಳು ವಿರಳ.

ಇನ್ನು ಕ್ರಿಯಾಪದ. ನಮ್ಮ ಕಾನೂನಿನ ಕನ್ನಡದಲ್ಲಿ ‘ತಕ್ಕದ್ದು’ ಎಂದರೆ ಕಡ್ಡಾಯ, ‘ಬಹುದು’ ಎಂದರೆ ಇಷ್ಟವಿದ್ದರೆ. ‘ಅಧಿಕಾರಿಯು ಅರ್ಜಿದಾರನ ಅಹವಾಲು ಕೇಳತಕ್ಕದ್ದು’ ಎಂಬುದಕ್ಕೂ ‘ಕೇಳಬಹುದು’ ಎಂಬುದಕ್ಕೂ ಒಬ್ಬ ರೈತನ ಜಮೀನಿನಷ್ಟು ಅಂತರವಿದೆ. ‘ತಕ್ಕದ್ದು’ ಇದ್ದ ಮಾತ್ರಕ್ಕೆ ಸಮಾಧಾನ ಪಡುವಂತೆಯೂ ಇಲ್ಲ. ‘ಅರ್ಜಿಯನ್ನು ಮೂವತ್ತು ದಿನಗಳೊಳಗೆ ವಿಲೇ ಮಾಡತಕ್ಕದ್ದು’ ಎಂಬ ಖಂಡ ಇದೆ ಎಂದಿಟ್ಟುಕೊಳ್ಳಿ. ಮೂವತ್ತೊಂದನೇ ದಿನ ಏನಾಗುತ್ತದೆ? ಅನುಮತಿ ಸಿಕ್ಕಂತೆ ಭಾವಿಸತಕ್ಕದ್ದು ಎಂದಿಲ್ಲದಿದ್ದರೆ, ಅಧಿಕಾರಿಗೆ ದಂಡವೂ ಇಲ್ಲದಿದ್ದರೆ, ಆ ಗಡುವು ಬರೀ ಹಾರೈಕೆ. ಎಚ್ಚರದ ಒಬ್ಬ ಶಾಸಕ ಕೊಡಬೇಕಾದ ತಿದ್ದುಪಡಿ ಇಂಥ ಜಾಗದಲ್ಲಿರುತ್ತದೆ. ಇದರಲ್ಲಿ ರಾಜಕೀಯವಿಲ್ಲ, ಆಡಳಿತ ಪಕ್ಷದವರೂ ಒಪ್ಪಬಹುದಾದದ್ದು.

ಇನ್ನೊಂದು ತೊಡಕು ಭಾಷೆಯದು. ಚರ್ಚೆ ಕನ್ನಡದಲ್ಲಿ, ಆದರೆ ಸಂವಿಧಾನದ 348ನೇ ವಿಧಿಯಂತೆ ಅಧಿಕೃತ ಮಾನ್ಯತೆ ಇಂಗ್ಲಿಷ್ ಪಠ್ಯಕ್ಕೆ. ನಾಳೆ ಹೈಕೋರ್ಟಿನಲ್ಲಿ ಓದುವುದು ಅದನ್ನೇ. ಎರಡೂ ಪಠ್ಯಗಳನ್ನು ಅಕ್ಕಪಕ್ಕ ಇಟ್ಟು ಖಂಡ ಖಂಡ ಹೋಲಿಸುವುದು ಬೇಸರದ ಕೆಲಸ. ಅದನ್ನು ಮಾಡುವ ಸದಸ್ಯರಿಂದ ರಾಜ್ಯಕ್ಕೆ ದೊಡ್ಡ ಉಪಕಾರವಾಗುತ್ತದೆ.

ತಿದ್ದುಪಡಿಯನ್ನು ಎದ್ದು ನಿಂತು ಬಾಯಲ್ಲಿ ಹೇಳಿದರೆ ಸಾಲದು. ವಿಧೇಯಕ ಪರ್ಯಾಲೋಚನೆಗೆ, ಅಂದರೆ ಸದನದ ಚರ್ಚೆಗೆ, ಬರುವ ಮುಂಚೆಯೇ ಲಿಖಿತ ಸೂಚನೆ ಕೊಡಬೇಕು. ಯಾವ ಖಂಡ, ಯಾವ ಉಪಖಂಡ, ಯಾವ ಪದದ ಬದಲು ಯಾವ ಪದ ಎಂದು ಅಚ್ಚುಕಟ್ಟಾಗಿ ಬರೆಯಬೇಕು. ಖಂಡವನ್ನೇ ಇಲ್ಲವಾಗಿಸುವ ತಿದ್ದುಪಡಿ ಸ್ವೀಕಾರಾರ್ಹವಲ್ಲ, ಅದಕ್ಕೆ ವಿರುದ್ಧ ಮತ ಹಾಕಿದರಾಯಿತು. ತೆರಿಗೆ ಏರಿಸುವ, ಬೊಕ್ಕಸಕ್ಕೆ ಹೊಸ ಖರ್ಚು ತರುವ ತಿದ್ದುಪಡಿಗೆ 207ನೇ ವಿಧಿಯಂತೆ ರಾಜ್ಯಪಾಲರ ಶಿಫಾರಸು ಬೇಕು. ಇಷ್ಟೆಲ್ಲ ಮಾಡಲು ವಿಧೇಯಕ ಕೈಯಲ್ಲಿ ಒಂದು ವಾರವಾದರೂ ಇರಬೇಕು. ಮಂಗಳವಾರ ಮಂಡಿಸಿದ್ದನ್ನು ಅದೇ ವಾರ ಪರ್ಯಾಲೋಚಿಸಿ ಅಂಗೀಕರಿಸುವುದು ವಾಡಿಕೆಯಾದಾಗ ತಿದ್ದುಪಡಿ ಸೂಚನೆಗಳು ಬರುವುದಾದರೂ ಹೇಗೆ?

ಎರಡರಿಂದ ಹದಿನಾಲ್ಕರವರೆಗೆ

ಸಂಜೆ ವಿಧೇಯಕ ಕೈಗೆತ್ತಿಕೊಂಡಾಗ ಸದನದಲ್ಲಿ ನಡೆಯುವುದು ಇಷ್ಟು. ಮಂತ್ರಿ ಎದ್ದು ‘ಪರ್ಯಾಲೋಚಿಸಬೇಕೆಂದು ಸೂಚಿಸುತ್ತೇನೆ’ ಎನ್ನುತ್ತಾರೆ, ಐದು ನಿಮಿಷದ ವಿವರಣೆ. ನಂತರ ಸಾಮಾನ್ಯ ಚರ್ಚೆ. ಎರಡು ಗಂಟೆ ಕೊಟ್ಟಿದ್ದಾರೆ ಎಂದೇ ಇಟ್ಟುಕೊಳ್ಳೋಣ. 224ರಲ್ಲಿ 34 ಮಂತ್ರಿಗಳು, ಸಭಾಧ್ಯಕ್ಷರು, ಉಪಸಭಾಧ್ಯಕ್ಷರನ್ನು ಕಳೆದರೆ ಉಳಿಯುವವರು 188. ಸಮನಾಗಿ ಹಂಚಿದರೆ ಒಬ್ಬರಿಗೆ 38 ಸೆಕೆಂಡು. ಹಾಗಾಗಿ ಸಮಯ ಪಕ್ಷಗಳ ಬಲಕ್ಕೆ ತಕ್ಕಂತೆ ಹಂಚಿಕೆಯಾಗುತ್ತದೆ, ಪಕ್ಷದೊಳಗೆ ಯಾರು ಮಾತಾಡಬೇಕೆಂದು ಮುಖ್ಯ ಸಚೇತಕರ ಚೀಟಿ ಹೇಳುತ್ತದೆ. ಚೀಟಿಯಲ್ಲಿ ಹೆಸರಿಲ್ಲದವರ ಓದು ಅವರ ಚೀಲದಲ್ಲೇ ಉಳಿಯುತ್ತದೆ.

ಬಳಿಕ ಖಂಡವಾರು ಮತ. ‘2ನೇ ಖಂಡವು ವಿಧೇಯಕದ ಭಾಗವಾಗಬೇಕೆಂಬುದು ಪ್ರಶ್ನೆ’ ಎಂದು ಒಂದೊಂದನ್ನೂ ಸದನದ ಮುಂದಿಡುವುದು ಈ ಹಂತದ ಉದ್ದೇಶ. ತಿದ್ದುಪಡಿ ಸೂಚನೆಗಳೇ ಇಲ್ಲದಾಗ 2ರಿಂದ 14ರವರೆಗೆ ಒಂದೇ ಉಸಿರಿಗೆ ಮುಗಿಯುತ್ತದೆ. 1ನೇ ಖಂಡ, ಪ್ರಸ್ತಾವನೆ, ಶೀರ್ಷಿಕೆ ಯಾವಾಗಲೂ ಕೊನೆಗೆ, ಏಕೆಂದರೆ ಒಳಗಿನದು ಬದಲಾದರೆ ಹೆಸರೂ ಬದಲಾಗಬೇಕಾಗಬಹುದು. ‘ಹೌದು ಎನ್ನುವವರು, ಇಲ್ಲ ಎನ್ನುವವರು’ ಎಂದು ಕೇಳಿ, ಧ್ವನಿ ಕಡೆಗೆ ಕಿವಿಗೊಟ್ಟು ಸಭಾಧ್ಯಕ್ಷರು ತೀರ್ಮಾನ ಹೇಳುತ್ತಾರೆ. ಯಾರಾದರೂ ಮತ ವಿಭಜನೆಗೆ ಪಟ್ಟು ಹಿಡಿದರೆ ಗಂಟೆ ಬಾರಿಸಿ, ಬಾಗಿಲು ಹಾಕಿ, ಸಾಲು ಸಾಲಾಗಿ ಎದ್ದು ನಿಲ್ಲಿಸಿ ಎಣಿಸುತ್ತಾರೆ. 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿಯವರ ವಿಶ್ವಾಸಮತ 99–105ರಲ್ಲಿ ಬಿದ್ದದ್ದು ಇಂಥ ಎಣಿಕೆಯಲ್ಲಿ. ಮಾಮೂಲಿ ವಿಧೇಯಕಕ್ಕೆ ಈ ಎಣಿಕೆ ತೀರ ಅಪರೂಪ. ಪರಿಣಾಮವಾಗಿ, ನಿಮ್ಮ ಶಾಸಕರು ಒಂದು ಕಾಯ್ದೆಯ ಪರವಾಗಿದ್ದರೋ ವಿರುದ್ಧವಾಗಿದ್ದರೋ ಎಂಬುದಕ್ಕೆ ದಾಖಲೆಯೇ ಇರುವುದಿಲ್ಲ. 1985ರಿಂದ ಸಂವಿಧಾನದಲ್ಲಿ ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ ಇರುವುದರಿಂದ, ವಿಪ್ ಜಾರಿಯಾದರೆ ಪಕ್ಷದ ವಿರುದ್ಧ ಮತ ಹಾಕುವಂತೆಯೂ ಇಲ್ಲ. ಹಾಕಿದರೆ, ಪಕ್ಷ 15 ದಿನಗಳೊಳಗೆ ಮನ್ನಿಸದಿದ್ದರೆ, ಸದಸ್ಯತ್ವಕ್ಕೇ ಕುತ್ತು. ಆದ್ದರಿಂದ ಶಾಸಕನ ಸ್ವತಂತ್ರ ಬುದ್ಧಿಗೆ ಉಳಿದಿರುವ ಜಾಗ ಮತವಲ್ಲ, ಖಂಡದ ಮೇಲಿನ ಮಾತು ಮತ್ತು ತಿದ್ದುಪಡಿ ಸೂಚನೆ. ಆ ಜಾಗವನ್ನೇ ಅವಸರ ಕಸಿದುಕೊಳ್ಳುತ್ತಿದೆ.

75 ಸದಸ್ಯರ ವಿಧಾನ ಪರಿಷತ್ತು ಎರಡನೇ ಜರಡಿ. ಸಾಮಾನ್ಯ ವಿಧೇಯಕವನ್ನು ಅದು ಮೊದಲ ಸಲ ಮೂರು ತಿಂಗಳವರೆಗೆ ತಡೆಹಿಡಿಯಬಹುದು, ತಿರಸ್ಕರಿಸಲೂಬಹುದು. ಧನ ವಿಧೇಯಕವಾದರೆ 14 ದಿನ ಮಾತ್ರ. 2024ರ ಫೆಬ್ರವರಿಯಲ್ಲಿ ಹಿಂದೂ ಧಾರ್ಮಿಕ ಸಂಸ್ಥೆಗಳ ತಿದ್ದುಪಡಿ ವಿಧೇಯಕಕ್ಕೆ ಪರಿಷತ್ತಿನಲ್ಲಿ ಸೋಲಾಯಿತು, ವಿಧಾನಸಭೆ ಅದನ್ನು ಮತ್ತೆ ಅಂಗೀಕರಿಸಿ ಕಳಿಸಿತು. ತಡೆಯುವ ಶಕ್ತಿ ಸೀಮಿತವಾದರೂ, ಎರಡನೇ ಸಲ ಓದುವ ಅವಕಾಶವೊಂದು ಅಲ್ಲಿದೆ. ಕೆಳಮನೆಯಿಂದ ಬಂದ ದಿನವೇ ಮೇಲ್ಮನೆಯಲ್ಲೂ ಮುಗಿಸಿದರೆ ಆ ಅವಕಾಶವೂ ವ್ಯರ್ಥ.

ದಿನಗಳೇ ಕಡಿಮೆ

ಸಂವಿಧಾನದ 174ನೇ ವಿಧಿ ಹೇಳುವುದು ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದು ಎಂದಷ್ಟೇ. ಅದು ಸಾಲದೆಂದು ಕರ್ನಾಟಕ 2005ರಲ್ಲಿ ತನಗೆ ತಾನೇ ಒಂದು ಕಾಯ್ದೆ ಮಾಡಿಕೊಂಡಿತು. ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕು ಎಂಬುದು ಅದರ ತಿರುಳು. ಒಳ್ಳೆಯ ಕಾಯ್ದೆ. ಯಾವ ಪಕ್ಷದ ಸರ್ಕಾರವಿದ್ದರೂ ಆ ಸಂಖ್ಯೆ ಮುಟ್ಟುವುದು ದುಸ್ತರವಾಗಿದೆ. ವರ್ಷದ ಮೊದಲ ಅಧಿವೇಶನದ ಮೊದಲ ದಿನ ರಾಜ್ಯಪಾಲರ ಭಾಷಣಕ್ಕೆ, ಮುಂದಿನ ಹಲವು ದಿನ ವಂದನಾ ನಿರ್ಣಯದ ಚರ್ಚೆಗೆ. ಬಜೆಟ್ ಅಧಿವೇಶನದ ಬಹುಪಾಲು ಬಜೆಟ್ಟಿಗೆ, ಬೆಳಗಾವಿಯ ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನದ ಗಣನೀಯ ಭಾಗ ಉತ್ತರ ಕರ್ನಾಟಕದ ವಿಷಯಗಳಿಗೆ, ಅದು ನ್ಯಾಯವೂ ಹೌದು. ಇವೆಲ್ಲ ಕಳೆದು ಉಳಿದ ಸಂಜೆಗಳಲ್ಲಿ ವರ್ಷದ ವಿಧೇಯಕಗಳೆಲ್ಲ ಮುಗಿಯಬೇಕು. ಅಧಿವೇಶನದ ಕೊನೆಯ ಎರಡು ದಿನ ಅವು ಸಾಲುಗಟ್ಟಿ ನಿಲ್ಲುವುದು ಇದರಿಂದಲೇ.

ಬಜೆಟ್ಟಿನ ಗತಿಯೂ ಬೇರೆಯಲ್ಲ. 2025–26ರ ಬಜೆಟ್ ಗಾತ್ರ 4.09 ಲಕ್ಷ ಕೋಟಿ ರೂಪಾಯಿ. ಇಲಾಖಾವಾರು ಅನುದಾನ ಬೇಡಿಕೆಗಳ ಮೇಲೆ ಶಾಸಕರು ಕಡಿತ ಸೂಚನೆ ಕೊಡಬಹುದು. ನೀತಿಯನ್ನೇ ವಿರೋಧಿಸಿದರೆ ಮೊತ್ತವನ್ನು 1 ರೂಪಾಯಿಗೆ ಇಳಿಸಿ ಎನ್ನುವುದು, ನಿರ್ದಿಷ್ಟ ದೂರಿದ್ದರೆ 100 ರೂಪಾಯಿ ಕಡಿತ ಮಾಡಿ ಎನ್ನುವುದು. ನಿಗದಿತ ಕೊನೆಯ ದಿನದ ಗಡಿಯಾರ ಮುಟ್ಟಿದಾಗ ಚರ್ಚೆಯಾಗದೆ ಉಳಿದ ಬೇಡಿಕೆಗಳೆಲ್ಲ ಒಟ್ಟಾಗಿ ಮತಕ್ಕೆ ಬೀಳುತ್ತವೆ. ಸಾವಿರಾರು ಕೋಟಿಯ ಇಲಾಖೆಯೊಂದು ಒಂದು ಪ್ರಶ್ನೆಯನ್ನೂ ಎದುರಿಸದೆ ದಾಟುವುದು ಹೀಗೆ.

ಸದನ ಕೂರದ ದಿನಗಳಲ್ಲಿ ಸುಗ್ರೀವಾಜ್ಞೆ ಬರುತ್ತದೆ. ಸದನ ಮತ್ತೆ ಸೇರಿದ ಆರು ವಾರಗಳಲ್ಲಿ ಅದು ತಾನಾಗಿ ಬಿದ್ದುಹೋಗುವುದರಿಂದ ಅಷ್ಟರೊಳಗೆ ವಿಧೇಯಕವಾಗಲೇಬೇಕು. 2025ರ ಫೆಬ್ರವರಿಯ ಕಿರುಸಾಲ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿ, ನಂತರ ಅಂಕಿತ ಹಾಕಿದರು. ಮಾರ್ಚ್‌ನಲ್ಲಿ ಅದು ಸದನಕ್ಕೆ ಬಂತು. ಸಾಲಗಾರರ ಸಂಕಟ ನಿಜಕ್ಕೂ ತುರ್ತಿನದೇ ಆಗಿತ್ತು. ಆದರೆ ಆಗಲೇ ಜಾರಿಯಲ್ಲಿರುವ ಕಾನೂನಿನ ಖಂಡಗಳನ್ನು ತಿದ್ದಲು ಯಾವ ಸರ್ಕಾರವೂ ಉತ್ಸಾಹ ತೋರುವುದಿಲ್ಲ, ಚರ್ಚೆ ಹೆಸರಿಗಷ್ಟೇ ಆಗುತ್ತದೆ.

ಬೇರೆ ದಾರಿ ಇಲ್ಲವೆಂದಲ್ಲ. ಗ್ರೇಟರ್ ಬೆಂಗಳೂರು ಆಡಳಿತ ವಿಧೇಯಕ 2024ರ ಜುಲೈಯಲ್ಲಿ ಮಂಡನೆಯಾಯಿತು. ವಿರೋಧ ಬಂದ ಮೇಲೆ ಉಭಯ ಸದನಗಳ ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು. ಸಮಿತಿ ಸಾರ್ವಜನಿಕರ ಅಭಿಪ್ರಾಯ ಕೇಳಿತು, ವರದಿ ಕೊಟ್ಟಿತು. 2025ರ ಮಾರ್ಚ್‌ನಲ್ಲಿ ಅಂಗೀಕಾರ, ಮೇ 15ರಿಂದ ಜಾರಿ. ಆ ಕಾಯ್ದೆಯ ಬಗ್ಗೆ ತಕರಾರುಗಳು ಇಂದಿಗೂ ಇವೆ. ಆದರೂ ತಕರಾರು ಹೇಳುವವರಿಗೆ ಹೇಳಲು ಎಂಟು ತಿಂಗಳು ಸಿಕ್ಕಿತ್ತು, ಶಾಸಕರಿಗೆ ಓದಲೂ ಸಿಕ್ಕಿತ್ತು. ಸಮಿತಿಯ ಕೋಣೆಯಲ್ಲಿ ಕ್ಯಾಮೆರಾ ಇರುವುದಿಲ್ಲ, ಹಾಗಾಗಿ ಬಾವಿಗಿಳಿಯುವವರೂ (ಪ್ರತಿಭಟಿಸಲು ಪೀಠದ ಮುಂದಿನ ಜಾಗಕ್ಕೆ ನುಗ್ಗುವವರೂ) ಇರುವುದಿಲ್ಲ. ಬೇರೆ ಬೇರೆ ಪಕ್ಷದವರು ಅಧಿಕಾರಿಯನ್ನು ಎದುರು ಕೂರಿಸಿಕೊಂಡು ‘ಈ ಪದ ಯಾಕೆ’ ಎಂದು ಕೇಳುವುದು ಅಲ್ಲಿ ಮಾತ್ರ ಸಾಧ್ಯ. ಕೇರಳದಲ್ಲಿ ವಿಧೇಯಕಗಳನ್ನು ವಿಷಯ ಸಮಿತಿಗಳಿಗೆ ಕಳಿಸುವುದು ದಶಕಗಳ ರೂಢಿ. ನಮ್ಮಲ್ಲಿ ಅದು ವಿರೋಧ ಜೋರಾದಾಗ ಮಾತ್ರ ಸಿಗುವ ರಿಯಾಯಿತಿ. ಹಣಕಾಸಿನದಲ್ಲದ, ಹತ್ತು ಖಂಡ ಮೀರಿದ ಪ್ರತಿ ವಿಧೇಯಕವೂ ಸಮಿತಿಗೆ ಹೋಗಲಿ, ಮಂಡನೆಗೂ ಪರ್ಯಾಲೋಚನೆಗೂ ಏಳು ದಿನದ ಅಂತರವಿರಲಿ. ಇಷ್ಟಕ್ಕೆ ಸಂವಿಧಾನ ತಿದ್ದಬೇಕಿಲ್ಲ. 208ನೇ ವಿಧಿಯಂತೆ ತನ್ನ ನಿಯಮಾವಳಿಯನ್ನು ಸದನವೇ ಬದಲಾಯಿಸಿಕೊಳ್ಳಬಹುದು.

ಕ್ಷೇತ್ರದ ಜನ ಮಾಡಬಹುದಾದ್ದೂ ಇದೆ. ಪ್ರಶ್ನೆಗಳ ಸೂಚನೆ ಅಧಿವೇಶನಕ್ಕೆ ಬಹಳ ಮುಂಚೆಯೇ ಸಚಿವಾಲಯ ತಲುಪಬೇಕು. ಸದನ ಶುರುವಾದ ಮೇಲೆ ಶಾಸಕರ ಭವನದ ಬಾಗಿಲಿಗೆ ಬಂದು ‘ಇದನ್ನು ಕೇಳಿ’ ಎಂದರೆ ತಡವಾಯಿತು. ಅಧಿವೇಶನದ ದಿನಾಂಕ ಪ್ರಕಟವಾದ ವಾರವೇ, ವರ್ಷ, ಊರು, ಮೊತ್ತ ಎಲ್ಲ ಇರುವ ಪ್ರಶ್ನೆಯನ್ನು ಒಂದು ಹಾಳೆಯಲ್ಲಿ ಬರೆದು ಶಾಸಕರ ಕಚೇರಿಗೆ ಕೊಡಿ. ಸಚಿವರ ಉತ್ತರಗಳು ವಿಧಾನಮಂಡಲದ ಜಾಲತಾಣದಲ್ಲಿ ಸಿಗುತ್ತವೆ, ಅನುಬಂಧವನ್ನು ತಪ್ಪದೆ ತೆರೆಯಿರಿ. ಅಲ್ಲಿ ನಿಮ್ಮೂರಿನ ಘಟಕ ‘ಚಾಲನೆಯಲ್ಲಿದೆ’ ಎಂದಿದ್ದು, ನಿಜವಾಗಿ ಬೀಗ ಬಿದ್ದಿದ್ದರೆ, ಆ ಪುಟದ ಜೊತೆ ಬೀಗದ ಫೋಟೊ ಸೇರಿಸಿ ಅದೇ ಶಾಸಕರಿಗೆ ಮರಳಿ ಕೊಡಿ. ಮುಂದಿನ ಅಧಿವೇಶನದ ಉಪಪ್ರಶ್ನೆ ಅಲ್ಲೇ ಸಿದ್ಧವಾಗಿರುತ್ತದೆ.